ಅಂಚಿನ ಮಕ್ಕಳು

ಕನ್ನಡದಲ್ಲಿ ‘ಮತ’ ಎಂಬ ಮಾತಿನಷ್ಟು ದುಡಿದು ಸವೆದ ಮಾತು ಇನ್ನೊಂದಿರಲಾರದು. ಅಭಿಪ್ರಾಯಕ್ಕೂ ಅದೇ ಮಾತು. ಚುನಾವಣೆಯ ದಿನ ಬೆರಳಿಗೆ ಮಸಿ ಹಚ್ಚಿಸಿಕೊಂಡು ಕೊಟ್ಟು ಬರುವುದೂ ಅದೇ. ಹುಟ್ಟಿದಂದು ಅಂಟಿಕೊಂಡು ಹೂಳುವ ತನಕವೋ ಸುಡುವ ತನಕವೋ ಜೊತೆಗಿರುವ ಧರ್ಮವೂ ಅದೇ. ‘ಇದು ನನ್ನ ಮತ’ ಎಂದು ಒಬ್ಬಾತ ಹೇಳಿದರೆ ಅವನು ಹರಟೆಗೆ ಕುಳಿತಿದ್ದಾನೋ, ದೇವರ ಮುಂದೆ ನಿಂತಿದ್ದಾನೋ ಎಂಬುದನ್ನು ಸಂದರ್ಭದಿಂದ ಊಹಿಸಿಕೊಳ್ಳಬೇಕು. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ನಗುತ್ತಾರೆ. ಅಧ್ಯಾಪಕರ ಕೊಠಡಿಯಲ್ಲಿ ಹೇಳಿದಾಗ ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ನಗಲಿಲ್ಲ. ಅವರು ಇತಿಹಾಸದ ಅಧ್ಯಾಪಕರು, ಕರಾವಳಿಯ ಕಡೆಯ ಕಥೋಲಿಕರು, ಈಗ ನಿವೃತ್ತಿಯ ಹೊಸ್ತಿಲಲ್ಲಿರುವವರು. ‘ನಿಮಗೇನು, ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿರಿ. ಆ ಎರಡನ್ನು ಬಿಡಿಸಿ ಬೇರೆ ಬೇರೆ ಗೂಟಕ್ಕೆ ಕಟ್ಟಲು ನಮ್ಮ ಧರ್ಮಸಭೆ ಪಟ್ಟ ಪಾಡು ನಿಮಗೆ ಗೊತ್ತಿಲ್ಲ’ ಎಂದರು. ಅಂದಿನಿಂದ ಕೆಲವು ವರ್ಷ, ಗಂಟೆ ಇಲ್ಲದ ಹೊತ್ತಿನಲ್ಲಿ, ಆ ಪಾಡಿನ ಕತೆಯನ್ನು ನಾನು ಅವರಿಂದ ಕೇಳಿದ್ದೇನೆ. ಕೇಳಿದ್ದನ್ನು ಪುಸ್ತಕಗಳಲ್ಲಿ ಹುಡುಕಿ ಓದಿದ್ದೇನೆ.

ರೋಮಿನ ಗುರುಪೀಠದ ವಿಷಯದಲ್ಲಿ ಹೊರಗಿನವರು ಸಾಮಾನ್ಯವಾಗಿ ತಿಳಿದಿರುವುದು ಇಷ್ಟೆ: ಪೋಪರು ಬಾಯಿ ತೆರೆದರು, ಉಳಿದವರು ಮುಚ್ಚಿದರು. ವಸ್ತುಸ್ಥಿತಿ ಇಷ್ಟು ಸರಳವಲ್ಲ. ಪೋಪರು ತಪ್ಪಲಾರರು ಎಂಬ ಸಿದ್ಧಾಂತವನ್ನು ಮೊದಲನೆಯ ವ್ಯಾಟಿಕನ್ ಸಮ್ಮೇಳನ ಸಾರಿದ್ದು ೧೮೭೦ರ ಜುಲೈ ೧೮ರಂದು. ಆದರೆ ಅದಕ್ಕೆ ಹಾಕಿದ ಕಟ್ಟುಗಳನ್ನು ನೋಡಬೇಕು. ಎಲ್ಲ ಕ್ರೈಸ್ತರ ಗುರುವಾಗಿ ಆ ಪೀಠದಿಂದಲೇ ಮಾತಾಡಬೇಕು; ವಿಷಯ ವಿಶ್ವಾಸದ್ದೋ ನೀತಿಯದೋ ಆಗಿರಬೇಕು; ಇಡೀ ಸಭೆ ಇದನ್ನು ಒಪ್ಪತಕ್ಕದ್ದೆಂದು ಕಡೆಯ ಮಾತಾಗಿ ಹೇಳಬೇಕು. ಅಲ್ಲಿಂದೀಚೆಗೆ ನೂರೈವತ್ತು ವರ್ಷಗಳ ಮೇಲಾಯಿತು. ಈ ಕಟ್ಟುಗಳೆಲ್ಲ ಕೂಡಿಬಂದ ಘೋಷಣೆಯೆಂದು ಎಲ್ಲರೂ ಒಪ್ಪುವುದು ಒಂದೇ ಒಂದು. ದೇವಮಾತೆ ಮೇರಿ ಸಶರೀರವಾಗಿ ಸ್ವರ್ಗವನ್ನು ಸೇರಿದಳೆಂದು ೧೯೫೦ರ ನವೆಂಬರ್ ೧ರಂದು ಹನ್ನೆರಡನೆಯ ಪಯಸ್ ಸಾರಿದ್ದು. ಉಳಿದುದೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಮೇಲಿನ ಮೆಟ್ಟಿಲಲ್ಲಿ ದೇವರೇ ತಿಳಿಸಿಕೊಟ್ಟದ್ದೆಂದು ನಂಬಬೇಕಾದ ಸತ್ಯಗಳು, ಅಲ್ಲಗಳೆದರೆ ಪಾಷಂಡಿ. ಅದರ ಕೆಳಗೆ, ಆ ಸತ್ಯಗಳಿಗೆ ಆಧಾರವಾಗಿ ನಿಶ್ಚಯವೆಂದು ಕಲಿಸಿದವು. ಅದಕ್ಕೂ ಕೆಳಗೆ, ಕಡೆಯ ಮಾತೆಂದು ಹೇಳದಿದ್ದರೂ ಬುದ್ಧಿ ಮನಸ್ಸುಗಳನ್ನು ಬಾಗಿಸಿ ಗೌರವಿಸಬೇಕಾದ ಸಾಮಾನ್ಯ ಬೋಧನೆ. ೧೯೮೯ರ ವಿಶ್ವಾಸ ಪ್ರಮಾಣವಚನದಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿ ಬರೆದಿದ್ದಾರೆ. ಇವೆಲ್ಲದರ ಕೆಳಗೆ ಬಯಲು. ಅಲ್ಲಿ ಪಂಡಿತರು ಎಷ್ಟು ಬೇಕಾದರೂ ಕುಸ್ತಿ ಹಿಡಿಯಬಹುದು.

ಇಂಥದೊಂದು ಏರ್ಪಾಡು ಇರುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಪಂಪ ದೊಡ್ಡವನೋ ಕುಮಾರವ್ಯಾಸ ದೊಡ್ಡವನೋ ಎಂದು ನನ್ನ ತರಗತಿಯಲ್ಲಿ ಎಷ್ಟು ಹೊತ್ತಾದರೂ ವಾದಿಸಲಿ, ನಾನೇ ಬೆಂಕಿಗೆ ತುಪ್ಪ ಸುರಿಯುತ್ತೇನೆ. ಪಂಪ ಹದಿನೈದನೆಯ ಶತಮಾನದವನೆಂದು ಬರೆದರೆ ಅಂಕ ಕೊಡುವುದಿಲ್ಲ. ಎಲ್ಲವೂ ಚರ್ಚೆಗೆ ಬಿಟ್ಟದ್ದಾದರೆ ಚರ್ಚಿಸುವವರು ಒಟ್ಟಿಗೆ ಕೂರುವುದಕ್ಕೇ ಕಾರಣ ಉಳಿಯದು. ಕಷ್ಟವಿರುವುದು ಗೆರೆ ಇರುವುದರಲ್ಲಲ್ಲ, ಅದು ಯಾರ ಕಣ್ಣಿಗೆ ಕಾಣುತ್ತದೆ ಎಂಬುದರಲ್ಲಿ.

ಗೆರೆ ನಿಂತಲ್ಲೇ ನಿಂತಿಲ್ಲವೆಂಬುದು ಇನ್ನೊಂದು ಸೋಜಿಗ. ಮೇರಿ ತನ್ನ ತಾಯಿಯ ಗರ್ಭದಲ್ಲಿ ಮೂಡಿದ ಗಳಿಗೆಯಿಂದಲೇ ಜನ್ಮಪಾಪದ ಸೋಂಕಿಲ್ಲದವಳೆ ಎಂಬ ಪ್ರಶ್ನೆ ಎದ್ದಾಗ ಥಾಮಸ್ ಅಕ್ವಿನಾಸನಂಥ ಮಹಾಪಂಡಿತ ಹಾಗೆ ಹೇಳಲಾಗದು ಎಂದ. ಅವನ ಬಳಿಕ ಬಂದ ಡನ್ಸ್ ಸ್ಕೋಟಸ್ ಹೇಳಬಹುದು ಎಂದ. ಡೊಮಿನಿಕನ್ನರು ಒಂದು ಕಡೆ, ಫ್ರಾನ್ಸಿಸ್ಕನ್ನರು ಒಂದು ಕಡೆ. ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕೂಗಾಡುವ ಮಟ್ಟಕ್ಕೆ ಹೋಯಿತು. ೧೪೮೩ರಲ್ಲಿ ನಾಲ್ಕನೆಯ ಸಿಕ್ಸ್‌ಟಸ್ ಮಾಡಿದ ಅಪ್ಪಣೆ ನನಗೆ ಬಹಳ ಹಿಡಿಸಿತು. ಯಾರು ಸರಿಯೆಂದು ಆತ ಹೇಳಲಿಲ್ಲ. ಎದುರು ಪಕ್ಷದವರನ್ನು ಪಾಷಂಡಿಗಳೆಂದವರಿಗೇ ಶಿಕ್ಷೆ ಎಂದ. ಆತ ತಾನೇ ಫ್ರಾನ್ಸಿಸ್ಕನ್ನನಾಗಿದ್ದುದನ್ನು ನೆನೆದರೆ ಇದು ಸಣ್ಣ ಸಂಯಮವಲ್ಲ. ಕಡೆಗೆ ೧೮೫೪ರಲ್ಲಿ ಒಂಬತ್ತನೆಯ ಪಯಸ್ ಸ್ಕೋಟಸನ ಕಡೆಗೆ ತೀರ್ಪಿತ್ತು ಬಾಗಿಲು ಹಾಕಿದರು. ೧೨೭೪ರಲ್ಲೇ ತೀರಿಕೊಂಡಿದ್ದರಿಂದ ಅಕ್ವಿನಾಸ್ ಬಚಾವಾದ. ಸಂತನಾಗಿಯೂ ಸಭೆಯ ಆಚಾರ್ಯನಾಗಿಯೂ ಉಳಿದ. ದೇವರ ಕೃಪೆ ಮತ್ತು ಮನುಷ್ಯನ ಸ್ವಾತಂತ್ರ್ಯದ ಮೇಲೆ ಡೊಮಿನಿಕನ್ನರಿಗೂ ಜೆಸ್ವಿಟರಿಗೂ ನಡೆದ ಜಗಳದ ಕತೆ ಇನ್ನೂ ಚೆಂದ. ೧೫೯೭ರಿಂದ ಹತ್ತು ವರ್ಷ ರೋಮಿನಲ್ಲಿ ವಿಚಾರಣೆ ನಡೆಯಿತು. ೧೬೦೭ರಲ್ಲಿ ಐದನೆಯ ಪಾಲ್, ಇಬ್ಬರೂ ತಮ್ಮ ತಮ್ಮ ವಾದವನ್ನು ಇಟ್ಟುಕೊಳ್ಳಬಹುದು, ಒಬ್ಬರನ್ನೊಬ್ಬರು ಹಳಿಯಕೂಡದು, ತೀರ್ಪನ್ನು ತಕ್ಕ ಸಮಯದಲ್ಲಿ ತಿಳಿಸಲಾಗುವುದು ಎಂದು ಮನೆಗೆ ಕಳುಹಿಸಿದರು. ನಾನೂರು ವರ್ಷ ಕಳೆದಿದೆ. ತಕ್ಕ ಸಮಯ ಇನ್ನೂ ಬಂದಿಲ್ಲ.

ನಮ್ಮ ನಾಡಿನ ಹತ್ತಿರಕ್ಕೂ ಈ ಗೆರೆಯ ಜಗಳ ಬಂದದ್ದುಂಟು. ಮಧುರೆಯಲ್ಲಿ ೧೬೦೬ರಲ್ಲಿ ನೆಲೆಸಿದ ರಾಬರ್ಟೋ ಡಿ ನೊಬಿಲಿ ಕಾವಿ ಉಟ್ಟ, ಮಾಂಸ ಬಿಟ್ಟ, ಕ್ರೈಸ್ತರಾದವರು ಜುಟ್ಟನ್ನೂ ಜನಿವಾರವನ್ನೂ ಗಂಧವನ್ನೂ ಬಿಡಬೇಕಿಲ್ಲ, ಅವು ಲೋಕಾಚಾರ ಎಂದ. ೧೬೨೩ರಲ್ಲಿ ಹದಿನೈದನೆಯ ಗ್ರೆಗರಿ ಒಪ್ಪಿಗೆ ಕೊಟ್ಟರು. ಅದೇ ದಾರಿ ಹಿಡಿದು ಜೆಸ್ವಿಟರು ಮೈಸೂರು ಸೀಮೆಗೂ ಬಂದರು. ಆದರೆ ಪೋಪರ ಪ್ರತಿನಿಧಿಯಾಗಿ ಪುದುಚೇರಿಗೆ ಬಂದಿಳಿದ ಟೂರ್ನೊನ್ ೧೭೦೪ರಲ್ಲಿ ಇಂಥ ಅನೇಕ ರಿಯಾಯಿತಿಗಳನ್ನು ತೊಡೆದುಹಾಕಿದ. ಅವುಗಳಲ್ಲಿ ಒಂದು ಎಂಜಲಿನದು. ಅಂದಿನ ಜ್ಞಾನಸ್ನಾನದ ವಿಧಿಯಲ್ಲಿ ಗುರು ತನ್ನ ಎಂಜಲನ್ನು ಬೆರಳಲ್ಲಿ ತೆಗೆದು ಮಗುವಿನ ಕಿವಿ ಮೂಗುಗಳಿಗೆ ಮುಟ್ಟಿಸಬೇಕು. ಎಂಜಲೆಂದರೆ ನಮ್ಮವರ ಮೈ ಎಷ್ಟು ಮುದುಡುತ್ತದೆಂಬುದು ಈ ಲೇಖನ ಓದುವವರಿಗೆ ಹೇಳಬೇಕಾದ್ದಲ್ಲ. ಇಲ್ಲಿನ ಪಾದ್ರಿಗಳು ಅದನ್ನು ಸದ್ದಿಲ್ಲದೆ ಬಿಟ್ಟಿದ್ದರು. ಬಿಡಕೂಡದು ಎಂದ ಟೂರ್ನೊನ್. ೧೭೪೪ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರು ಈ ವ್ಯಾಜ್ಯಕ್ಕೆ ಮುದ್ರೆ ಒತ್ತಿದರು. ಆ ಕಟ್ಟಳೆಗಳನ್ನು ಪಾಲಿಸುತ್ತೇವೆಂದು ಇಲ್ಲಿನ ಪಾದ್ರಿಗಳು ಆಣೆ ಇಡಬೇಕಾಗಿದ್ದುದು ೧೯೪೦ರಲ್ಲಿ ರದ್ದಾಯಿತು. ೧೯೬೯ರ ಹೊಸ ವಿಧಿಯಲ್ಲಿ ಎಂಜಲಿನ ಮಾತೇ ಇಲ್ಲ. ಎಂಜಲು ತಿರುಳಲ್ಲ, ಸಿಪ್ಪೆ ಎಂಬುದು ಈಗ ಯಾರಿಗಾದರೂ ತಿಳಿಯುತ್ತದೆ. ಅಂದು ಅದಕ್ಕಾಗಿ ಎಷ್ಟು ಕಾಗದ, ಎಷ್ಟು ಕಡಲ ಪಯಣ!

ಇವೆಲ್ಲ ಪಂಡಿತರ ಪಾಡು. ನನ್ನನ್ನು ಈ ಬರಹಕ್ಕೆ ಕೂರಿಸಿದ್ದು ಲಿಂಬೋ.

ಲ್ಯಾಟಿನ್ನಿನಲ್ಲಿ ‘ಲಿಂಬಸ್’ ಎಂದರೆ ಬಟ್ಟೆಯ ಅಂಚು, ಸೆರಗಿನ ಪಟ್ಟಿ. ನರಕದ ಅಂಚು ಎಂದು ಅರ್ಥಮಾಡಿಕೊಂಡರು. ಜ್ಞಾನಸ್ನಾನವಿಲ್ಲದೆ ಜನ್ಮಪಾಪ ಹೋಗದು. ಅದು ಹೋಗದೆ ದೇವರ ದರ್ಶನವಿಲ್ಲ. ಹಾಗಾದರೆ ಹುಟ್ಟಿ ಗಳಿಗೆಯೊಳಗೆ ಸತ್ತ, ಯಾವ ಪಾಪವನ್ನೂ ಮಾಡಲು ಪುರುಸೊತ್ತೇ ಸಿಗದ ಹಸುಳೆ ಎಲ್ಲಿಗೆ ಹೋಯಿತು? ನಾಲ್ಕು ಐದನೆಯ ಶತಮಾನಗಳ ಸಂತ ಅಗಸ್ಟೀನನ ತರ್ಕಕ್ಕೆ ಕರುಣೆ ಕಡಿಮೆ. ಬೆಂಕಿಗೇ ಹೋಗುತ್ತದೆ, ಆದರೆ ಅಲ್ಲಿನ ಅತ್ಯಂತ ಸೌಮ್ಯವಾದ ಶಿಕ್ಷೆ ಅದಕ್ಕೆ, ಎಂದ. ಹನ್ನೆರಡನೆಯ ಶತಮಾನದಲ್ಲಿ ಅಬೆಲಾರ್ಡ್ ಬೆಂಕಿಯನ್ನು ಆರಿಸಿದ. ದೇವದರ್ಶನ ತಪ್ಪಿದ್ದೇ ಶಿಕ್ಷೆ ಎಂದ. ಅಕ್ವಿನಾಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಾನು ಕಳೆದುಕೊಂಡದ್ದೇನೆಂದು ಆ ಮಗುವಿಗೆ ತಿಳಿಯದಾದ್ದರಿಂದ ಅದಕ್ಕೆ ದುಃಖವೂ ಇಲ್ಲ, ತನ್ನ ಮಟ್ಟಿನ ಸುಖದಲ್ಲಿರುತ್ತದೆ ಎಂದ. ಡಾಂಟೆ ತನ್ನ ಕಾವ್ಯದಲ್ಲಿ ಅದೇ ಅಂಚಿನಲ್ಲಿ ಹೋಮರನನ್ನೂ ವರ್ಜಿಲನನ್ನೂ ಮಕ್ಕಳ ಜೊತೆಗೆ ಇರಿಸಿದ. ಒಂದೊಂದು ತಲೆಮಾರೂ ಅಗಸ್ಟೀನನ ಕಾಠಿಣ್ಯವನ್ನು ಒಂದೊಂದು ಹಿಡಿ ಸಡಿಲಿಸಿದೆ. ಲಿಂಬೋ ಹುಟ್ಟಿದ್ದು ಕ್ರೌರ್ಯದಿಂದಲ್ಲ, ಕರುಣೆಯಿಂದ. ಆದರೆ ಅರ್ಧ ದಾರಿಗೆ ನಿಂತ ಕರುಣೆ.

ಗಮನಿಸಬೇಕಾದ್ದೆಂದರೆ ಇದನ್ನು ಯಾವ ಸಮ್ಮೇಳನವೂ ವಿಶ್ವಾಸಸತ್ಯವೆಂದು ಸಾರಲಿಲ್ಲ. ೧೭೯೪ರಲ್ಲಿ ಆರನೆಯ ಪಯಸ್, ಲಿಂಬೋ ಎಂಬುದು ಬರಿಯ ಕಟ್ಟುಕತೆ ಎಂದು ಬೈದವರನ್ನು ಖಂಡಿಸಿದರು. ಅದು ನಿಜವೆಂದು ಕಟ್ಟಪ್ಪಣೆ ಮಾಡಲಿಲ್ಲ. ಅಂದರೆ ಅದು ಬಯಲಲ್ಲಿದ್ದ ಸಂಗತಿ. ಬಯಲಲ್ಲಿದ್ದುದು ೧೯೦೫ರಲ್ಲಿ ಹತ್ತನೆಯ ಪಯಸ್ ಹೊರಡಿಸಿದ ಪ್ರಶ್ನೋತ್ತರದ ಪುಸ್ತಕದೊಳಕ್ಕೆ ಬಂತು. ಅಲ್ಲಿ ಪ್ರಶ್ನೆಗೊಂದು ಉತ್ತರ. ಮಕ್ಕಳು ಬಾಯಿಪಾಠ ಮಾಡುವುದು. ೧೯೧೭ರ ಧರ್ಮಸಭೆಯ ಕಾನೂನಿನಲ್ಲಿ, ಜ್ಞಾನಸ್ನಾನವಿಲ್ಲದೆ ಸತ್ತವರಿಗೆ ಸಭೆಯ ಶವಸಂಸ್ಕಾರವಿಲ್ಲ ಎಂದಾಯಿತು. ಐರ್ಲೆಂಡಿನಲ್ಲಿ ಇಂಥ ಶಿಶುಗಳನ್ನು ಹೂಳುತ್ತಿದ್ದ ಬೇರೆಯೇ ನೆಲಗಳು ಸಾವಿರಕ್ಕೂ ಮಿಕ್ಕಿ ಸಿಕ್ಕಿವೆ. ಹೊಲದ ಮೂಲೆ, ಕಡಲ ದಂಡೆ, ಪಾಳುಬಿದ್ದ ಗುಡಿಯ ಹಿಂಬದಿ. ಸ್ವಿಟ್ಜರ್ಲೆಂಡಿನ ಒಬರ್‌ಬ್ಯೂರೆನ್ ಎಂಬಲ್ಲಿ ಹದಿನೈದನೆಯ ಶತಮಾನದಲ್ಲಿ ಸತ್ತ ಹಸುಗೂಸುಗಳನ್ನು ಹೊತ್ತು ತರುತ್ತಿದ್ದರು. ಕೆಂಡದ ಕಾವಿನಲ್ಲಿ ಬೆಚ್ಚಗೆ ಮಾಡಿ, ತುಟಿಯ ಮೇಲಿಟ್ಟ ಗರಿ ಅಲುಗಿದರೆ ಜೀವ ಬಂತೆಂದು ಜ್ಞಾನಸ್ನಾನ ಕೊಟ್ಟು, ಕೂಡಲೆ ಹೂಳುತ್ತಿದ್ದರು. ಅಲ್ಲಿ ಅಗೆದವರಿಗೆ ಇನ್ನೂರಕ್ಕೂ ಹೆಚ್ಚು ಶಿಶುಗಳ ಎಲುಬು ಸಿಕ್ಕಿತು. ಆ ಊರಿನ ಬಿಷಪ್ಪರು ಇದು ಮೂಢನಂಬಿಕೆಯೆಂದು ರೋಮಿಗೆ ದೂರು ಬರೆದಿದ್ದರಂತೆ. ಮೂಢನಂಬಿಕೆಯೇ ಹೌದು. ಆದರೆ ಗರಿ ಹಿಡಿದ ತಾಯಿಗೆ ಆ ಭಯವನ್ನು ಕಲಿಸಿದವರು ಮೂಢರಾಗಿರಲಿಲ್ಲ.

ನನ್ನ ಸಹೋದ್ಯೋಗಿಗಳು ಮನೆಯಲ್ಲಿ ಎರಡನೆಯವರು. ಮೊದಲನೆಯದು ೧೯೬೧ರಲ್ಲಿ ಏಳು ತಿಂಗಳಿಗೇ ಹುಟ್ಟಿತು. ಮಳೆಗಾಲದ ರಾತ್ರಿ; ತೋಟದ ನಡುವಿನ ಮನೆ; ಪಾದ್ರಿಗಳ ಮನೆಗೆ ಹೊಳೆ ದಾಟಿ ಹೋಗಬೇಕು. ಇಲ್ಲಿ ಒಂದು ವಿಷಯ ಹೇಳಬೇಕು. ತುರ್ತಿನಲ್ಲಿ ಜ್ಞಾನಸ್ನಾನವನ್ನು ಯಾರು ಬೇಕಾದರೂ ಕೊಡಬಹುದು. ೧೪೩೯ರಲ್ಲಿ ಫ್ಲಾರೆನ್ಸಿನ ಸಮ್ಮೇಳನ ಇದನ್ನು ಬಿಡಿಸಿ ಹೇಳಿದೆ. ಕೊಡುವವರು ಕ್ರೈಸ್ತರೇ ಆಗಿರಬೇಕೆಂದಿಲ್ಲ. ನೀರು ಹೊಯ್ಯಬೇಕು, ತಂದೆ ಮಗ ಪವಿತ್ರಾತ್ಮರ ಹೆಸರು ಹೇಳಬೇಕು, ಸಭೆ ಏನು ಮಾಡುತ್ತದೋ ಅದನ್ನೇ ಮಾಡುವ ಉದ್ದೇಶವಿರಬೇಕು, ಅಷ್ಟೆ. ಆದ್ದರಿಂದಲೇ ಆ ಊರಿನ ಪಾದ್ರಿಗಳು, ಅರ್ಧ ಊರಿಗೆ ಹೆರಿಗೆ ಮಾಡಿಸುತ್ತಿದ್ದ ಹಿಂದೂ ಸೂಲಗಿತ್ತಿಗೆ ಆ ನಾಲ್ಕು ಮಾತುಗಳನ್ನು ಕಲಿಸಿಟ್ಟಿದ್ದರು. ಆಕೆ ಅದಕ್ಕೆ ಮೊದಲು ಎರಡು ಮೂರು ಕೂಸುಗಳಿಗೆ ಹಾಗೆ ನೀರು ಹೊಯ್ದದ್ದೂ ಇತ್ತು. ಅಂದು ಮಗು ಉಸಿರಾಡಿದ್ದು ಕಾಲು ಗಂಟೆ. ಆ ಕಾಲು ಗಂಟೆಯಲ್ಲಿ ಬಾಣಂತಿಗೆ ರಕ್ತ ನಿಲ್ಲದೆ ಹೋಗುತ್ತಿತ್ತು. ಸೂಲಗಿತ್ತಿಯ ಎರಡು ಕೈಯೂ ಅಲ್ಲಿದ್ದವು. ಅವಳು ತಿರುಗಿ ನೋಡುವ ಹೊತ್ತಿಗೆ ಕೂಸು ತಣ್ಣಗಾಗಿತ್ತು. ಹಂಡೆಯಲ್ಲಿ ನೀರು ಹಾಗೆಯೇ ಇತ್ತು.

ಮಾರನೆಯ ಸಂಜೆ ತಂದೆ ಅದನ್ನು ಸೋಪಿನ ಪೆಟ್ಟಿಗೆಯಲ್ಲಿಟ್ಟು ಒಯ್ದು, ಸಮಾಧಿಭೂಮಿಯ ಗೋಡೆಯ ಹೊರಗೆ, ಹಲಸಿನ ಮರದ ಬುಡದಲ್ಲಿ ಹೂತು ಬಂದರು. ಹೆಸರಿಡಲಿಲ್ಲ, ಹೆಸರು ಬರುವುದು ಜ್ಞಾನಸ್ನಾನದಲ್ಲಿ. ಅಲ್ಲಿಂದ ಮುಂದೆ ನವೆಂಬರ್ ೨ರ ಸತ್ತವರ ಹಬ್ಬಕ್ಕೆ ಊರವರೆಲ್ಲ ಗೋಡೆಯೊಳಗೆ ಮೇಣದ ಬತ್ತಿ ಹಚ್ಚುವಾಗ ತಾಯಿ ಒಳಗೆ ನಿಂತು ಗೋಡೆಯ ಕಡೆಗೆ ಮುಖ ಮಾಡುತ್ತಿದ್ದರಂತೆ. ಆ ಸೂಲಗಿತ್ತಿಯನ್ನು ಮಾತ್ರ ಮತ್ತೆ ಮನೆಯ ಅಂಗಳಕ್ಕೆ ಹತ್ತಿಸಲಿಲ್ಲ. ನನ್ನ ಸಹೋದ್ಯೋಗಿಗಳು ಹುಟ್ಟಿದ್ದು ಬೇರೆಯವಳ ಕೈಯಲ್ಲಿ. ಒಂದು ಲೋಟ ನೀರಿಗಾಗಿ ಮಗು ಲಿಂಬೋಗೆ ಹೋಯಿತೆಂದು ಆ ತಾಯಿ ನಲವತ್ತಾರು ವರ್ಷ ನಂಬಿದ್ದರು.

೨೦೦೭ರ ಏಪ್ರಿಲ್‌ನಲ್ಲಿ ವಾರ್ತೆ ಬಂತು. ಮೂವತ್ತು ಜನ ಪಂಡಿತರಿಗೆ ಮೀರದ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ ಕೆಲವು ವರ್ಷ ವಿಚಾರ ಮಾಡಿ, ಹದಿನಾರನೆಯ ಬೆನೆಡಿಕ್ಟರ ಒಪ್ಪಿಗೆಯೊಡನೆ ಒಂದು ಪತ್ರವನ್ನು ಪ್ರಕಟಿಸಿತ್ತು. ಜ್ಞಾನಸ್ನಾನವಿಲ್ಲದೆ ಸತ್ತ ಶಿಶುಗಳೂ ದೇವರನ್ನು ಸೇರುತ್ತವೆಂದು ಆಶಿಸಲು ಬಲವಾದ ಆಧಾರಗಳಿವೆ. ಲಿಂಬೋ ಒಂದು ಅಭಿಪ್ರಾಯ, ಬೇಕಾದವರು ಈಗಲೂ ಇಟ್ಟುಕೊಳ್ಳಬಹುದು, ಎಂದು ಅದರ ತಾತ್ಪರ್ಯ. ಪಂಡಿತರಿಗೆ ಇದು ಹೊಸತಲ್ಲ. ೧೯೯೨ರ ಧರ್ಮೋಪದೇಶದ ಗ್ರಂಥದಲ್ಲಿ ಲಿಂಬೋ ಎಂಬ ಪದವೇ ಇಲ್ಲ. ಆ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸಿ ಸುಮ್ಮನಾಗಿದೆ. ಬೆನೆಡಿಕ್ಟರು ಪೋಪರಾಗುವ ಎಷ್ಟೋ ಮೊದಲೇ ಒಂದು ಸಂದರ್ಶನದಲ್ಲಿ, ಅದು ಎಂದೂ ಸಾರಿದ ಸತ್ಯವಲ್ಲ, ಬಿಟ್ಟುಬಿಡುವುದೇ ಲೇಸೆಂದು ತಮ್ಮ ಸ್ವಂತ ಎಣಿಕೆಯಾಗಿ ಹೇಳಿದ್ದರು. ಪತ್ರಿಕೆಯ ತುಣುಕನ್ನು ಹಿಡಿದು ಮಗ ಊರಿಗೆ ಹೋಗಿ ತಾಯಿಗೆ ಓದಿ ಹೇಳಿದರು. ಮೆಟ್ಟಿಲುಗಳ ಲೆಕ್ಕವನ್ನೆಲ್ಲ ವಿವರಿಸಿ, ಇದು ಎಂದೂ ವಿಶ್ವಾಸಸತ್ಯವಾಗಿರಲಿಲ್ಲ, ಬರಿಯ ಅಭಿಪ್ರಾಯ ಎಂದರು.

‘ಅಭಿಪ್ರಾಯ ಅಂದರೆ?’

‘ಹಾಗೆ ಇರಬಹುದು ಅಂತ ದೊಡ್ಡವರು ಅಂದುಕೊಂಡದ್ದು.’

‘ಪುಸ್ತಕದಲ್ಲಿ ಇರಬಹುದು ಅಂತ ಇರಲಿಲ್ಲವಲ್ಲ?’

ಅವರು ಕಲಿತದ್ದು ಕೊಂಕಣಿಯಲ್ಲಿ. ಆದರೆ ಈ ಪ್ರಶ್ನೆ ಕೇಳಿದಂದಿನಿಂದ ನಾನು ಸಂಭಾವನಾರ್ಥಕ ಕ್ರಿಯಾಪದವನ್ನು ಪಾಠ ಮಾಡುವ ಬಗೆ ಬೇರೆಯಾಗಿದೆ. ‘ಹೋಗುತ್ತವೆ’ ಎನ್ನುವುದಕ್ಕೂ ‘ಹೋದಾವು’ ಎನ್ನುವುದಕ್ಕೂ ನಡುವೆ ನಮ್ಮ ವ್ಯಾಕರಣ ಒಂದು ಬಾಗಿಲನ್ನೇ ಇಟ್ಟಿದೆ. ಪಂಡಿತರು ತಮ್ಮೊಳಗೆ ‘ಹೋದಾವು’ ಎಂದು ವಾದಿಸುತ್ತಿದ್ದುದು ಹಿಂದಿನ ಬೆಂಚಿನವರೆಗೆ ಬರುವಷ್ಟರಲ್ಲಿ ‘ಹೋಗುತ್ತವೆ’ ಆಗಿತ್ತು. ಗೆರೆ ಇತ್ತು, ಅದನ್ನು ಎಳೆದಿದ್ದವರಿಗೆ ಕಾಣುತ್ತಲೂ ಇತ್ತು.

ಇದು ಶಿಶುಗಳೊಂದರ ವಿಷಯವಲ್ಲ. ೧೯೬೮ರಲ್ಲಿ ಆರನೆಯ ಪಾಲ್ ಸಂತಾನ ನಿಯಂತ್ರಣದ ಕೃತಕೋಪಾಯಗಳನ್ನು ನಿಷೇಧಿಸಿ ಪತ್ರ ಬರೆದಾಗ, ಅದಕ್ಕಾಗಿ ನೇಮಿಸಿದ ಆಯೋಗದ ಬಹುಮತ ಬೇರೆಯ ಕಡೆಗಿತ್ತು. ಪತ್ರವನ್ನು ಪತ್ರಕರ್ತರ ಮುಂದಿಟ್ಟ ವ್ಯಾಟಿಕನ್ನಿನ ದೇವಶಾಸ್ತ್ರಜ್ಞರೇ ಇದು ತಪ್ಪಲಾರದ ಘೋಷಣೆಯಲ್ಲ ಎಂದರು. ಅದು ಮೂರನೆಯ ಮೆಟ್ಟಿಲಿನದೆನ್ನುವವರು ಹಲವರು. ಎಷ್ಟು ಮನೆಗಳಲ್ಲಿ ಅದು ಮೊದಲನೆಯ ಮೆಟ್ಟಿಲಿನದಾಗಿ ನಡೆಯಿತೆಂಬುದನ್ನು ಯಾರು ಎಣಿಸಿದ್ದಾರೆ? ಗೆರೆಯ ಹತ್ತಿರ ಸುಳಿದಾಡಿದವರ ಪಾಡೂ ಸುಖದ್ದಲ್ಲ. ಹಾನ್ಸ್ ಕ್ಯೂಂಗ್ ತಪ್ಪಲಾರದಿರುವಿಕೆಯನ್ನೇ ಪ್ರಶ್ನಿಸಿ ೧೯೭೯ರಲ್ಲಿ ಕಥೋಲಿಕ ದೇವಶಾಸ್ತ್ರ ಕಲಿಸುವ ಅನುಮತಿ ಕಳೆದುಕೊಂಡರು. ಶ್ರೀಲಂಕೆಯ ಪಾದ್ರಿ ತಿಸ್ಸ ಬಾಲಸೂರ್ಯರು ಜನ್ಮಪಾಪದ ಸಿದ್ಧಾಂತವನ್ನೇ ಕೆಣಕಿ ೧೯೯೭ರಲ್ಲಿ ಬಹಿಷ್ಕೃತರಾದರು. ಮರುವರ್ಷ ಬಹಿಷ್ಕಾರ ರದ್ದಾಯಿತು. ಇದಕ್ಕೆಲ್ಲ ಮೂಲವಿಷಯಗಳಲ್ಲಿ ಒಗ್ಗಟ್ಟನ್ನೂ ಸಂದೇಹದವುಗಳಲ್ಲಿ ಸ್ವಾತಂತ್ರ್ಯವನ್ನೂ ಎಲ್ಲದರಲ್ಲೂ ಪ್ರೀತಿಯನ್ನೂ ಬಯಸುವ ಹಳೆಯ ನಾಣ್ಣುಡಿಯೊಂದೇ ಮದ್ದೆಂದು ಹೇಳುವವರುಂಟು. ೧೯೫೯ರಲ್ಲಿ ಇಪ್ಪತ್ತಮೂರನೆಯ ಜಾನ್ ಕೂಡ ಅದನ್ನು ನೆನೆದರು. ಅಗಸ್ಟೀನನ ಮಾತೆಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ೧೬೧೭ರಲ್ಲಿ ಕಾಣಿಸಿಕೊಂಡಿದ್ದು ಡಿ ಡೊಮಿನಿಸ್ ಎಂಬ ಆರ್ಚ್‌ಬಿಷಪ್ಪನ ಪುಸ್ತಕದಲ್ಲಿ. ಆತ ರೋಮನ್ನು ಬಿಟ್ಟು ಇಂಗ್ಲೆಂಡಿಗೆ ಓಡಿ, ಮತ್ತೆ ರೋಮಿಗೆ ಮರಳಿ, ೧೬೨೪ರಲ್ಲಿ ಸೆರೆಯಲ್ಲಿ ಸತ್ತ. ಬಳಿಕ ಅವನ ಹೆಣವನ್ನೂ ಸುಟ್ಟರು. ಯಾವುದು ಮೂಲ, ಯಾವುದು ಸಂದೇಹ ಎಂದು ಹೇಳುವ ಅಧಿಕಾರ ಯಾರದೆಂಬುದನ್ನು ಆ ನಾಣ್ಣುಡಿ ಹೇಳುವುದಿಲ್ಲ.

ಆ ತಾಯಿ ಪತ್ರಿಕೆಯ ತುಣುಕನ್ನು ಮಡಿಸಿ ಪ್ರಾರ್ಥನೆಯ ಪುಸ್ತಕದಲ್ಲಿಟ್ಟುಕೊಂಡರಂತೆ. ಒಂದು ವಾರ ಯಾರೊಡನೆಯೂ ಹೆಚ್ಚು ಮಾತಿಲ್ಲ. ಮುಂದಿನ ಭಾನುವಾರ ಮಗನನ್ನು ಕರೆದುಕೊಂಡು ಇಗರ್ಜಿಗೆ ಹೋಗಿ, ಒಂದು ಪೂಜೆ ಹೇಳಿಸಬೇಕು ಎಂದರು. ಈಗಿನ ಪಾದ್ರಿಗಳು ಚಿಕ್ಕ ವಯಸ್ಸಿನವರು. ಮಗ ಮೊದಲೇ ವಿಷಯ ತಿಳಿಸಿದ್ದರು. ಮಗುವಿಗಾಗಿ ಖಂಡಿತ ಹೇಳೋಣ, ೧೯೮೩ರ ಹೊಸ ಕಾನೂನಿನಲ್ಲಿ ಇಂಥ ಮಕ್ಕಳ ಶವಸಂಸ್ಕಾರಕ್ಕೂ ಬಿಷಪ್ಪರು ಒಪ್ಪಿಗೆ ಕೊಡಬಹುದೆಂದಿದೆ, ಎಂದು ಅವರು ಸಮಾಧಾನ ಹೇಳಹೊರಟರು. ತಾಯಿ ತಡೆದರು. ಮಗು ದೇವರ ಹತ್ತಿರವೇ ಇದ್ದರೆ ಅದಕ್ಕೆ ನನ್ನ ಪೂಜೆ ಯಾಕೆ, ಅದೇ ನನಗಾಗಿ ಬೇಡಿಕೊಂಡೀತು; ಪೂಜೆ ಆ ಸೂಲಗಿತ್ತಿಗೆ, ಎಂದರು. ಅವಳು ಸತ್ತು ಇಪ್ಪತ್ತು ವರ್ಷ ದಾಟಿತ್ತು. ಕ್ರೈಸ್ತಳಲ್ಲವಲ್ಲ ಎಂದು ಮಗ ಕೊಂಕಣಿಯಲ್ಲಿ ಮೆಲ್ಲನೆ ಜ್ಞಾಪಿಸಿದರು. ಪಾದ್ರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಜಿನ ಮೇಲಿದ್ದ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು, ಅವಳ ಹೆಸರೇನು ಎಂದು ಕೇಳಿದರು.